58 ಯೂರೋ ಟಿಕೆಟ್, ಕೆಂಪು ಛತ್ರಿ ಮತ್ತು ಅಮ್ಮ

ಗಾಳಿ ಸದ್ದು ಜಾಸ್ತಿ ಇದೆ, ಗೊತ್ತು. ಅದಕ್ಕೇ ರೂಮಿಗೆ ಬಂದು ವಾಯ್ಸ್ ಕೊಡ್ತಿದ್ದೀನಿ. ಇದು ಫ್ಲಾರೆನ್ಸ್, ಪಿಯಾತ್ಸಾ ಡೆಲ್ಲ ಸಿನ್ಯೊರಿಯಾ. ಅಮ್ಮ ಸೆಲ್ಫಿ ತಗೊಳ್ತಿದ್ದಾರಲ್ಲ, ಹಿಂದೆ ನಿಂತಿರೋ ಡೇವಿಡ್ ಪ್ರತಿಮೆ ನಕಲು. ಮೈಕೆಲ್ಯಾಂಜೆಲೊ ಕೆತ್ತಿದ್ದನ್ನ 1873ರಲ್ಲೇ ಅಕಾಡೆಮಿಯಾ ಗ್ಯಾಲರಿ ಒಳಗೆ ಸಾಗಿಸಿದ್ರು. ಇದನ್ನ ತಂದು ನಿಲ್ಲಿಸಿದ್ದು 1910ರಲ್ಲಿ. ಅಮ್ಮಂಗೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಫೋನ್ ಬ್ಯಾಗಿಗೆ ಹೋಗಿತ್ತು. ಇರ್ಲಿ ಬಿಡಿ, ನನಗಂತೂ ಡೇವಿಡ್ ಅಂದ್ರೆ ಸುಮ್ನೆ ಹೈಪ್ ಅನ್ನಿಸ್ತು. ಇಷ್ಟು ಪೋಸ್ಟರ್, ಇಷ್ಟು ಫ್ರಿಜ್ ಮ್ಯಾಗ್ನೆಟ್ ನೋಡಿದ ಮೇಲೆ ಇನ್ನೇನು ಉಳಿದಿರತ್ತೆ?

ಸರಿ, ಈಗ ಟಿಕೆಟ್ ಕಥೆ. ಇದನ್ನ ಹೇಳ್ದೆ ನಾನು ಮುಂದಕ್ಕೆ ಹೋಗಲ್ಲ.

ಉಫಿತ್ಸಿ ಮ್ಯೂಸಿಯಂ ಟಿಕೆಟ್ 25 ಯೂರೋ. ಮುಂಚೆನೇ ಬುಕ್ ಮಾಡಿದ್ರೆ ಇನ್ನೊಂದು 4. ಒಟ್ಟು 29. ನಾನು ಕೊಟ್ಟಿದ್ದು ತಲೆಗೆ 58. ಹುಡುಕಿದಾಗ ಮೊದಲು ಬಂದ ವೆಬ್‌ಸೈಟು, ಮೇಲುಗಡೆ ಮ್ಯೂಸಿಯಂದೇ ಫೋಟೋ, 'ಕ್ಯೂ ಇಲ್ಲದೆ ಪ್ರವೇಶ' ಅಂತ ದಪ್ಪಕ್ಷರ. ರಾತ್ರಿ ಹನ್ನೊಂದೂವರೆಗೆ ನಿದ್ದೆಗಣ್ಣಲ್ಲಿ ಒತ್ತಿಬಿಟ್ಟೆ. ಮರುದಿನ ಮೇಲ್ ಬಂತು: ನೆಪ್ಚೂನ್ ಕಾರಂಜಿ ಹತ್ರ ಹತ್ತೂವರೆಗೆ ನಿಲ್ಲಿ, ಕೆಂಪು ಛತ್ರಿ ಹಿಡಿದವರು ಬರ್ತಾರೆ.

ನಿಂತ್ವಿ. ಕೆಂಪು ಛತ್ರಿ ಎಷ್ಟು ಬಂದ್ವು ಗೊತ್ತಾ? ಮೂರು. ಮೊದಲನೇದರ ಹಿಂದೆ ಸ್ಪೇನಿನವರ ಗುಂಪು. ಎರಡನೇದು ನಿಜವಾಗ್ಲೂ ಬಿಸಿಲಿಗೆ ಹಿಡಿದ ಛತ್ರಿ, ಪಾಪ ಯಾರೋ ಅಜ್ಜಿ. ಮೂರನೇಯವರು ನಮ್ಮ ಮೇಲ್ ಓದಿ ತಲೆ ಅಲ್ಲಾಡಿಸಿ ಹೋದ್ರು. ಹನ್ನೊಂದೂಕಾಲಿಗೆ ಛತ್ರಿನೇ ಇಲ್ಲದ ಒಬ್ಬ ಹುಡುಗ ಓಡ್ಕೊಂಡು ಬಂದು ಎರಡು ಟಿಕೆಟ್ ಕೈಗಿಟ್ಟು ಮಾಯ. ನೋಡಿದ್ರೆ ಮ್ಯೂಸಿಯಂನ ಮಾಮೂಲಿ ಟಿಕೆಟ್ಟೇ. ಅದರ ಮೇಲೆ ಬೆಲೆ ಬೇರೆ ಅಚ್ಚಾಗಿದೆ, 25, ಕೆಳಗೆ 4! ಮುಚ್ಚಿಡೋ ಸೌಜನ್ಯನೂ ಇಲ್ಲ. ಆಮೇಲೆ ನಾವು ನಿಂತ ಸಾಲು ಯಾವ್ದು? 29 ಕೊಟ್ಟವರದ್ದೇ ಸಾಲು.

ಅಮ್ಮ ಒಂದೇ ಮಾತು ಅಂದ್ರು. "ಒಬ್ಬರ ದುಡ್ಡಲ್ಲಿ ಇಬ್ರೂ ಹೋಗ್ಬಹುದಿತ್ತು ಕಣೇ." ಊಟದ ತನಕ ಅದನ್ನೇ ನಾಲ್ಕು ಸಲ ಅಂದ್ರು.

ನೀವು ಮ್ಯೂಸಿಯಂನವರ ಸ್ವಂತ ಸೈಟಲ್ಲೇ ತಗೊಳ್ಳಿ. ಸೋಮವಾರ ಹೋಗ್ಬೇಡಿ, ರಜ. ತಿಂಗಳ ಮೊದಲ ಭಾನುವಾರ ಫ್ರೀ, ಆದ್ರೆ ಆವತ್ತಿನ ಜಾತ್ರೆ ನೀವೇ ಊಹಿಸ್ಕೊಳ್ಳಿ.

ಈ ದುಂಡನೆ ಕಲ್ಲು ಯಾಕೆ ಶೂಟ್ ಮಾಡಿದೆ ಅಂದ್ರೆ, ಛತ್ರಿಗೆ ಕಾಯೋವಾಗ ನಾವು ನಿಂತಿದ್ದು ಇದರ ಮೇಲೆ. ಸವೊನರೋಲ ಅನ್ನೋ ಸನ್ಯಾಸಿ 1497ರಲ್ಲಿ ಇದೇ ಚೌಕದಲ್ಲಿ ಕನ್ನಡಿ, ಒಡವೆ, ಚಿತ್ರ ಎಲ್ಲ ರಾಶಿ ಹಾಕಿಸಿ ಬೆಂಕಿ ಇಡಿಸಿದ. ಮುಂದಿನ ವರ್ಷ ಅವನನ್ನೇ ಇಲ್ಲಿ ನೇಣಿಗೆ ಹಾಕಿ ಸುಟ್ರು. ಅಮ್ಮ ಥಟ್ಟನೆ ಕಾಲು ತೆಗೆದ್ರು ನೋಡಿ.

ಒಳಗೆ ಬಂದ್ವಿ. ಉಫಿತ್ಸಿ ಅಂದ್ರೆ ಆಫೀಸುಗಳು ಅಂತಲೇ ಅರ್ಥ. ಆಗ ಫ್ಲಾರೆನ್ಸ್ ಆಳ್ತಿದ್ದ ಕೊಸಿಮೊ ಮೆಡಿಚಿ ತನ್ನ ಅಧಿಕಾರಿಗಳಿಗೆ ಅಂತ 1560ರಲ್ಲಿ ವಸಾರಿ ಅನ್ನೋ ವಾಸ್ತುಶಿಲ್ಪಿ ಕೈಲಿ ಕಟ್ಟಿಸೋಕೆ ಶುರು ಮಾಡಿದ್ದು. ಮೂವತ್ತು ವರ್ಷ ಫೈಲು ನೋಡಿದ ಅಮ್ಮ ಸೀಲಿಂಗ್ ನೋಡಿ, "ಇಂಥ ಚಾವಣಿ ಕೆಳಗೆ ಯಾರು ಕೆಲಸ ಮಾಡ್ತಾರೆ?" ಅಂದ್ರು.

ಬೊಟಿಚೆಲ್ಲಿ ಅನ್ನೋ ಕಲಾವಿದನ ಚಿತ್ರಗಳ ರೂಮು. ಪ್ರೇಮದೇವತೆ ವೀನಸ್ ಕಾಣ್ತಿದ್ದಾಳಾ? ನನಗೂ ಅಷ್ಟೇ ಕಂಡಿದ್ದು, ಬೇರೆಯವರ ಫೋನ್ ಪರದೆಗಳಲ್ಲಿ. ಕಪ್ಪೆಚಿಪ್ಪಿನ ಮೇಲೆ ನಿಂತು ದಡಕ್ಕೆ ಬರ್ತಿದ್ದಾಳೆ, ಒಬ್ಬಳು ಬಟ್ಟೆ ಹಿಡ್ಕೊಂಡು ಎದುರು ಬಂದಿದ್ದಾಳೆ. "ಐನೂರು ವರ್ಷದಿಂದ ಹಿಡ್ಕೊಂಡೇ ನಿಂತಿದ್ದಾಳಲ್ಲ, ಹೊದಿಸಬಾರ್ದಾ," ಅಮ್ಮ. ನನ್ನ ಕೇಳಿದ್ರೆ ಈ ರೂಮು ಬಿಟ್ರೂ ನಡೆಯತ್ತೆ. ಅಥವಾ ಬೇಡ, ಎದುರಿಗಿರೋವಾಗ ಬಿಡೋಕಾಗಲ್ಲ.

ಅಮ್ಮ ತುಂಬಾ ಹೊತ್ತು ನಿಂತಿದ್ದು ಇಲ್ಲಿ, ಆರ್ಟೆಮಿಸಿಯಾ ಜೆಂಟಿಲೆಸ್ಕಿ ಬರೆದ ಚಿತ್ರದ ಮುಂದೆ. ಬೈಬಲ್ ಕಾಲದ ಕಥೆ: ಜೂಡಿತ್ ಅನ್ನೋಳು ತೋಳು ಮೇಲೇರಿಸ್ಕೊಂಡು ಶತ್ರು ಸೇನಾಪತಿ ಕತ್ತು ಕೊಯ್ತಿದ್ದಾಳೆ, ದಾಸಿ ಅವನ್ನ ಅದುಮಿ ಹಿಡಿದಿದ್ದಾಳೆ. ಬೇರೆ ಕಡೆ ಇದೇ ಕಥೆಯ ಜೂಡಿತ್‌ಗಳು ಕೊಳಕು ಬಟ್ಟೆ ಮುಟ್ಟಿದೋರ ಥರ ನಾಜೂಕಾಗಿ ನಿಂತಿರ್ತಾರೆ. ಇವಳು ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳಿದವಳು.

ಇಷ್ಟೆಲ್ಲ ಚಿತ್ರ ಇನ್ನೂ ಇದೇ ಊರಲ್ಲಿರೋಕೆ ಕಾರಣನೂ ಒಬ್ಬ ಹೆಂಗಸೇ. ಮೆಡಿಚಿ ವಂಶದ ಕೊನೆಯವಳು, ಅನ್ನಾ ಮರಿಯಾ ಲೂಯಿಸಾ. ಸಂಗ್ರಹದ ಒಂದು ವಸ್ತುನೂ ಫ್ಲಾರೆನ್ಸ್ ಬಿಟ್ಟು ಹೋಗಬಾರದು ಅಂತ 1737ರಲ್ಲೇ ಕರಾರು ಬರೆಸಿಕೊಂಡಳು. "ಗಂಡುಮಕ್ಕಳ ಕೈಗೆ ಸಿಕ್ಕಿದ್ರೆ ಮಾರ್ಕೊಂಡು ತಿಂತಿದ್ರು," ಇದೂ ಅಮ್ಮಂದೇ ಅಭಿಪ್ರಾಯ, ಕಾಮೆಂಟಲ್ಲಿ ನನ್ನ ಬಯ್ಬೇಡಿ. ಅಯ್ಯೋ, ಶಾಟ್ ಮುಗೀತು.

ಮರುದಿನ. ಸಾನ್ ಮಾರ್ಕೊ. ಹಿಂದೆ ಮಠ, ಈಗ ಮ್ಯೂಸಿಯಂ. ಬೆಳಗ್ಗೆನೇ ಬನ್ನಿ, ಮಧ್ಯಾಹ್ನಕ್ಕೆ ಮುಚ್ಚತ್ತೆ. ಮೆಟ್ಟಿಲು ಹತ್ತಿ ತಲೆ ಎತ್ತಿದ್ರೆ ಎದುರಿಗೇ ಫ್ರಾ ಆಂಜೆಲಿಕೊನ 'ಅನನ್ಸಿಯೇಷನ್', ದೇವದೂತ ಮೇರಿಗೆ ಸುದ್ದಿ ಹೇಳೋದು. ಇಲ್ಲಿ ನಾನು ಮಾತಾಡಿಲ್ಲ, ಹಾಗೇ ನೋಡಿ.

ಪಕ್ಕದಲ್ಲಿ ಸಾಲಾಗಿ ಸನ್ಯಾಸಿಗಳ ಕೋಣೆಗಳು. ಒಂದು ಪುಟ್ಟ ಕಿಟಕಿ, ಗೋಡೆ ಮೇಲೆ ಒಂದು ಚಿತ್ರ. ಬರೆದೋನೂ ಸನ್ಯಾಸಿನೇ, ಇದೇ ಮಠದಲ್ಲಿದ್ದೋನು. ಮಲಗಿ ಏಳೋವ್ರು ದಿನಾ ಒಂದೇ ಚಿತ್ರ ನೋಡ್ಬೇಕು, ಜೀವಮಾನ ಪೂರ್ತಿ. ನಿನ್ನೆ ನಾವು ಮೂರು ಗಂಟೇಲಿ ಎಷ್ಟು ನೋಡಿದ್ವೋ ಲೆಕ್ಕನೇ ಇಲ್ಲ, ನೆನಪಿರೋದು ನಾಲ್ಕು. ಆ ಕೊನೇಲಿ ಇರೋದು ಸವೊನರೋಲನ ಕೋಣೆಗಳು, ನಿನ್ನೆ ಕಲ್ಲಿನವನೇ. ಚಿತ್ರ ಸುಡಿಸಿದವನು ಇದ್ದಿದ್ದು ಇಂಥ ಜಾಗದಲ್ಲಿ!

ಅಲ್ಲಿಂದ ನಡೆದೇ ಅಕಾಡೆಮಿಯಾ. ಹೌದು, ಡೇವಿಡ್ ಹೈಪ್ ಅಂತ ನಾನೇ ಹೇಳಿದ್ದು, ವಾಪಸ್ ತಗೊಳ್ತೀನಿ. ಐದು ಮೀಟರ್‌ಗೂ ಮೇಲೆ. ಬೇರೆಯವರು ಒಂಚೂರು ಕೆತ್ತಿ ಕೈಬಿಟ್ಟು, ದಶಕಗಟ್ಟಲೆ ಬಿದ್ದಿದ್ದ ಅಮೃತಶಿಲೆ. ಅದರಲ್ಲಿ ಇದನ್ನ ಶುರು ಮಾಡಿದಾಗ ಮೈಕೆಲ್ಯಾಂಜೆಲೊಗೆ 26 ವರ್ಷ. ಆ ಬಲಗೈ ನರ ನೋಡಿ. ಚೌಕದಲ್ಲಿರೋದ್ರಲ್ಲೂ ಇದೇ ನರ ಇದ್ದಿರ್ಬೇಕು, ನಾನು ನೋಡೇ ಇಲ್ಲ.

ಅಮ್ಮ ಒಂದು ಸುತ್ತು ಹಾಕಿ ಬಂದು ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದ್ರು. "ನಿನ್ನೇದು ಡೂಪ್ಲಿಕೇಟಾ? ಅದು ಸ್ಟೇಟಸ್‌ಗೆ ಹೋಗಾಯ್ತು ಕಣೇ, ಯಾರ್ಗೂ ಹೇಳ್ಬೇಡ."

ಹೇಳಲ್ಲ ಅಂದೆ. ಮೆಮೊರಿ ಕಾರ್ಡ್ ಫುಲ್ ಅಂತ ಬರ್ತಿದೆ, ಒಂದ್ನಿಮಿಷ—