ಊಟದ ಮೇಜಿನ ಮೇಲೊಂದು ದಂಡು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಭಾನುವಾರ. ಮೈಸೂರಿನಿಂದ ಬಂದ ನಮ್ಮಮ್ಮ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಊಟದ ಮೇಜಿನ ಮೇಲೆ ಹಸಿರು ಬಟ್ಟೆ. ಅದರ ಮೇಲೆ ಥರ್ಮಾಕೋಲಿನ ದಿಬ್ಬ, ತೆಂಗಿನ ನಾರಿನ ಹುಲ್ಲು, ನೀಲಿ ಬಳಿದ ರಟ್ಟಿನ ಹೊಳೆ. ಹೊಳೆಯ ಈಚೆ ನೂರು ಚಿಲ್ಲರೆ ಸಿಪಾಯಿಗಳು, ಆಚೆ ಅದಕ್ಕಿಂತ ಜಾಸ್ತಿ. ಒಬ್ಬೊಬ್ಬನೂ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು ಎತ್ತರ. ನಾನೂ ನನ್ನ ಗೆಳೆಯನೂ, ಇಬ್ಬರಿಗೂ ನಲವತ್ತು ದಾಟಿದೆ, ಅಳತೆ ಟೇಪು ಹಿಡಿದುಕೊಂಡು ಕುದುರೆ ಸವಾರರು ಒಂದು ಸರದಿಗೆ ಎಷ್ಟು ಇಂಚು ಹೋಗಬಹುದು ಅಂತ ಜೋರಾಗಿ ಜಗಳ ಆಡುತ್ತಿದ್ದೆವು.

"ದಸರಾಕ್ಕೆ ಇನ್ನೂ ಎಷ್ಟೊಂದು ದಿನ ಇದೆಯಲ್ಲೋ, ಈಗಲೇ ಗೊಂಬೆ ಇಳಿಸಿಬಿಟ್ಯಾ?" ಅಂದರು ಅಮ್ಮ.

ಗೊಂಬೆ ಕೂರಿಸೋದಲ್ಲಮ್ಮ, ಇದು ಆಟ ಅಂದೆ. ಅವರು ಪಕ್ಕದಲ್ಲಿದ್ದ ಬಣ್ಣದ ಶೀಶೆಗಳನ್ನು ನೋಡಿದರು, ಭೂತಗನ್ನಡಿ ನೋಡಿದರು, ಮೂರು ಕೂದಲಷ್ಟು ಸಣ್ಣ ಕುಂಚ ನೋಡಿದರು. "ಇದನ್ನ ಆಟ ಅಂತಾರಾ? ಕೆಲಸ ಅಂತಾರೆ" ಅಂದು ಅಡುಗೆಮನೆಗೆ ಹೋದರು.

ಅಮ್ಮ ಹೇಳಿದ್ದು ಮುಕ್ಕಾಲು ಪಾಲು ನಿಜ. ಮೂರು ಗಂಟೆಯ ಒಂದು ಆಟಕ್ಕೆ ಮೂರು ತಿಂಗಳ ರಾತ್ರಿಗಳು ಹೋಗುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಮಿನಿಯೇಚರ್ ವಾರ್‌ಗೇಮಿಂಗ್ ಅನ್ನುತ್ತಾರೆ. ಪುಟ್ಟ ಸೈನಿಕರನ್ನು ಬಿಡಿಬಿಡಿಯಾಗಿ ಕೊಂಡು, ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಟೇಪಿನಲ್ಲಿ ಅಳೆದು ನಡೆಸಿ, ದಾಳ ಹಾಕಿ ಹೊಡೆದಾಡಿಸುವ ಆಟ. ಚದುರಂಗದ ಹಾಗೆ ಮನೆಗಳಿಲ್ಲ, ಇಂಚುಗಳಿವೆ. ಗೊಂಬೆಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ 28 ಮಿಲಿಮೀಟರ್. 15 ಮಿಲಿಮೀಟರಿನವೂ ಇವೆ, ಅಕ್ಕಿಕಾಳಿನಂಥ 6 ಮಿಲಿಮೀಟರಿನವೂ ಇವೆ. ಅವಕ್ಕೆ ಕಣ್ಣು ಬರೆಯೋ ಕಷ್ಟ ಇಲ್ಲ ನೋಡಿ, ಅದೊಂದು ಪುಣ್ಯ.

ಅವತ್ತು ನಮ್ಮ ಮೇಜಿನ ಮೇಲಿದ್ದದ್ದು ಅಸ್ಸಾಯೆ. ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಹಳ್ಳಿ ಅದು. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಸಿಂಧಿಯಾ ಮತ್ತು ಬೇರಾರಿನ ಭೋಂಸ್ಲೆಯ ಮರಾಠಾ ಪಡೆಗೂ ಆರ್ಥರ್ ವೆಲ್ಲೆಸ್ಲಿಯ ಈಸ್ಟ್ ಇಂಡಿಯಾ ಕಂಪನಿ ಪಡೆಗೂ ಕದನ ನಡೆಯಿತು. ವೆಲ್ಲೆಸ್ಲಿಯ ಕಡೆ ಮೈಸೂರು ಸಂಸ್ಥಾನದ ಕುದುರೆ ಸವಾರರೂ ಇದ್ದರು. ನಾನು ಈ ಕದನ ಆರಿಸಿಕೊಂಡದ್ದೇ ಅವರಿಗೋಸ್ಕರ.

ಅಸ್ಸಾಯೆಯಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವ ಸಂಗತಿ ಒಂದಿದೆ. ಮರಾಠಾ ಪಡೆ ಕೈಟ್ನಾ ಹೊಳೆಯ ಆಚೆ ದಡದಲ್ಲಿ ಸಾಲು ತೋಪು ಇಟ್ಟುಕೊಂಡು ನಿಂತಿತ್ತು. ಅದರ ಎದುರಿಗೇ ದಾಟಿದರೆ ನಾಶ. ಬೇರೆಲ್ಲಾದರೂ ದಾಟುವ ಜಾಗ ಇದೆಯಾ ಅಂದರೆ ದಾರಿ ತೋರಿಸಲು ಬಂದ ಸ್ಥಳೀಯರು ಇಲ್ಲವೇ ಇಲ್ಲ ಅಂದರು. ವೆಲ್ಲೆಸ್ಲಿ ದುರ್ಬೀನು ಹಿಡಿದು ನೋಡಿದ. ಹೊಳೆಯ ಈ ದಡದಲ್ಲೊಂದು ಹಳ್ಳಿ, ಸರಿಯಾಗಿ ಅದರ ಎದುರಿಗೇ ಆ ದಡದಲ್ಲೊಂದು ಹಳ್ಳಿ. ನಡುವೆ ಓಡಾಟ ಇಲ್ಲದಿದ್ದರೆ ಜನ ಹೀಗೆ ಎದುರುಬದುರು ಮನೆ ಕಟ್ಟಿಕೊಳ್ಳುತ್ತಾರಾ? ಅಲ್ಲಿ ಹಾಯಗಡ, ಅಂದರೆ ನಡೆದೇ ದಾಟಬಹುದಾದ ಆಳವಿಲ್ಲದ ಜಾಗ, ಇರಲೇಬೇಕು ಅಂತ ಲೆಕ್ಕ ಹಾಕಿದ. ಇತ್ತು. ಪಡೆ ಅಲ್ಲೇ ಹೊಳೆ ದಾಟಿತು.

ಎಷ್ಟು ಚೆಂದದ ಕಥೆ ಅಲ್ವಾ? ಮೇಜಿನ ಮೇಲೆ ಇದನ್ನು ಆಡೋಕೇ ಆಗಲ್ಲ. ಹೊಳೆಯನ್ನು ರಟ್ಟಿನಲ್ಲಿ ಕತ್ತರಿಸಿದವನೇ ನಾನು, ಹಾಯಗಡ ಎಲ್ಲಿದೆ ಅಂತ ನನಗೆ ಗೊತ್ತು, ಗೆಳೆಯನಿಗೂ ಗೊತ್ತು. ಇಬ್ಬರೂ ದೇವರ ಹಾಗೆ ಮೇಲೆ ನಿಂತು ಪೂರ್ತಿ ಮೈದಾನ ನೋಡುತ್ತಿದ್ದೇವೆ. ಯುದ್ಧದಲ್ಲಿ ಯಾರಿಗೂ ಹಾಗೆ ಕಾಣಲ್ಲ. ಈ ಆಟದ ದೊಡ್ಡ ಚೆಲುವೂ ಅದೇ, ದೊಡ್ಡ ಸುಳ್ಳೂ ಅದೇ. ನನಗಿರುವ ಹುಚ್ಚಿನಲ್ಲಿ ಇದರ ಚರಿತ್ರೆ ಓದುತ್ತಾ ಹೋದಾಗ ಗೊತ್ತಾಗಿದ್ದೇನೆಂದರೆ, ಇನ್ನೂರು ವರ್ಷದಿಂದ ತಲೆ ಇರುವವರೆಲ್ಲ ಗುದ್ದಾಡಿರುವುದು ಈ ಒಂದು ಗಂಟಿನ ಜೊತೆಗೇ.

ಶುರುವಾಗಿದ್ದು ನಮ್ಮ ಚದುರಂಗದಿಂದಲೇ ಅನ್ನಬಹುದು. ಆನೆ, ಕುದುರೆ, ರಥ, ಕಾಲಾಳು ಇಲ್ಲಿಂದ ಪರ್ಶಿಯಾ ದಾಟಿ ಯುರೋಪಿಗೆ ಹೋದವು. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನ ಗಣಿತದ ಮೇಷ್ಟ್ರು ಹೆಲ್ವಿಗ್ ಆ ಹಾಸನ್ನು ದೊಡ್ಡದು ಮಾಡಿ, ಮನೆಗಳಿಗೆ ಬೆಟ್ಟ, ಕಾಡು, ನೀರು ಅಂತ ಬೇರೆ ಬೇರೆ ಬಣ್ಣ ಕೊಟ್ಟ. ಆಮೇಲೆ ಪ್ರಷ್ಯಾದಲ್ಲಿ ಫಾನ್ ರೈಸ್ವಿಟ್ಸ್ ಅಂತ ಅಪ್ಪ ಮಗ ಬಂದರು. ಅಪ್ಪ 1812ರಲ್ಲಿ ದೊರೆಗೆ ಒಂದು ದೊಡ್ಡ ಮೇಜು ಮಾಡಿಕೊಟ್ಟ, ಗಾರೆಯಲ್ಲಿ ಅಚ್ಚು ಹಾಕಿದ ನೆಲದ ತುಂಡುಗಳನ್ನು ಜೋಡಿಸಿ ಬೇಕಾದ ಊರು ಮಾಡಿಕೊಳ್ಳಬಹುದು. ಮಗ ತೋಪಖಾನೆಯ ಅಧಿಕಾರಿ. ಅವನಿಗೆ ಮೇಜಿನ ಅಂದಕ್ಕಿಂತ ಆ ಸುಳ್ಳು ಚುಚ್ಚಿರಬೇಕು. 1824ರಲ್ಲಿ ಅವನು ಅಚ್ಚು ಹಾಕಿಸಿದ ನಿಯಮಗಳಲ್ಲಿ ಆಟ ನಡೆಯುವುದು ನಕ್ಷೆಯ ಮೇಲೆ, ನಡುವೆ ಒಬ್ಬ ತೀರ್ಪುಗಾರ. ಆಟಗಾರ ಗೊಂಬೆ ಮುಟ್ಟಂಗಿಲ್ಲ, ಹುಕುಂ ಬರೆದು ತೀರ್ಪುಗಾರನಿಗೆ ಕೊಡಬೇಕು. ಎದುರಾಳಿಯ ತುಕಡಿ ನಿಮ್ಮವರ ಕಣ್ಣಿಗೆ ಬಿದ್ದರೆ ಮಾತ್ರ ಅವನು ಅದನ್ನು ನಕ್ಷೆಯ ಮೇಲೆ ಇಡುತ್ತಾನೆ. ಗುಂಡು ತಗುಲಿತೋ ಇಲ್ಲವೋ ಅಂತ ಹೇಳುವುದು ದಾಳ.

ಸೇನಾ ಮುಖ್ಯಸ್ಥ ಜನರಲ್ ಮ್ಯೂಫ್ಲಿಂಗ್ ಇದನ್ನು ನೋಡಲು ಬಂದಾಗ ಮೊದಮೊದಲು ಉದಾಸೀನವಾಗೇ ಇದ್ದನಂತೆ. ಆಟ ಮುಂದುವರಿದ ಹಾಗೆ ಎದ್ದು ಕೂತು, ಇದು ಆಟ ಅಲ್ಲ, ಯುದ್ಧದ ಪಾಠ, ಇಡೀ ಸೈನ್ಯಕ್ಕೆ ಶಿಫಾರಸು ಮಾಡ್ತೀನಿ ಅಂದ ಅನ್ನುತ್ತಾರೆ. ನಮ್ಮಮ್ಮನದೂ ಅದೇ ಮಾತು, ಧಾಟಿ ಮಾತ್ರ ಬೇರೆ.

ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಇದನ್ನೆಲ್ಲ ಉಲ್ಟಾ ಮಾಡಿದ. ವಿಜ್ಞಾನದ ಕಥೆ ಬರೆಯುತ್ತಿದ್ದನಲ್ಲ, ಅವನೇ. ಮನೆಯ ನೆಲದ ಮೇಲೆ ಸೀಸದ ಗೊಂಬೆಗಳನ್ನು ನಿಲ್ಲಿಸಿ, ಸ್ಪ್ರಿಂಗ್ ಇದ್ದ ಆಟದ ತೋಪಿನಿಂದ ಚಿಕ್ಕ ಮರದ ಗುಂಡು ಹಾರಿಸಿ ನಿಜವಾಗಿ ಬೀಳಿಸುತ್ತಿದ್ದ. ದಾಳ ಇಲ್ಲ, ಗುರಿ ಇದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಅದರ ನಿಯಮಗಳನ್ನು 1913ರಲ್ಲಿ ಪುಸ್ತಕ ಮಾಡಿದ. ಈ ಪುಟ್ಟ ಯುದ್ಧ ಮೂರು ನಾಲ್ಕು ಸಲ ಆಡಿದರೆ ಸಾಕು, ದೊಡ್ಡ ಯುದ್ಧ ಎಂಥಾ ಎಡವಟ್ಟಿನ ವ್ಯವಹಾರ ಅಂತ ಗೊತ್ತಾಗುತ್ತೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಮರುವರ್ಷ 1914. ಯಾರೂ ಆಡಿ ನೋಡಲಿಲ್ಲ ಅಂತ ಕಾಣುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಿವರ್‌ಪೂಲಿನ ಒಂದು ಕೋಣೆ. 1942. ಅಟ್ಲಾಂಟಿಕ್ ಸಮುದ್ರದಲ್ಲಿ ಬ್ರಿಟನ್ನಿಗೆ ಅನ್ನ, ಎಣ್ಣೆ ತರುತ್ತಿದ್ದ ಹಡಗುಗಳನ್ನು ಜರ್ಮನ್ ಸಬ್‌ಮರೀನುಗಳು ಒಂದೊಂದಾಗಿ ಮುಳುಗಿಸುತ್ತಿದ್ದವು. ಹೇಗೆ ಹೊಡೀತಾವೆ ಅಂತಲೇ ಕಾವಲು ಹಡಗಿನವರಿಗೆ ತಿಳಿಯುತ್ತಿರಲಿಲ್ಲ. ಗಿಲ್ಬರ್ಟ್ ರಾಬರ್ಟ್ಸ್ ಅಂತ ಒಬ್ಬ ನೌಕಾಧಿಕಾರಿ, ಕ್ಷಯ ಬಂದು ಕೆಲಸದಿಂದ ಮನೆಗೆ ಕಳಿಸಿದ್ದವನು, ಅವನನ್ನು ಮತ್ತೆ ಕರೆಸಿ ಇದನ್ನು ಕಂಡುಹಿಡಿ ಅಂದರು. ಅವನಿಗೆ ಕೊಟ್ಟ ಸಹಾಯಕರು ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು. ಕೆಲವರು ಆಗಷ್ಟೇ ಶಾಲೆ ಬಿಟ್ಟವರು.

ಅವರು ಕೋಣೆಯ ನೆಲವನ್ನೇ ಸಮುದ್ರ ಮಾಡಿದರು. ಹಡಗು ಅಂದರೆ ಪುಟ್ಟ ತುಂಡುಗಳು, ಅವು ಹೋದ ದಾರಿ ಅಂದರೆ ಸೀಮೆಸುಣ್ಣದ ಗೆರೆ. ಆಟಕ್ಕೆ ಬಂದ ಕ್ಯಾಪ್ಟನ್‌ಗಳನ್ನು ಪರದೆಯ ಹಿಂದೆ ನಿಲ್ಲಿಸಿ, ಸಣ್ಣ ಕಿಂಡಿಯಲ್ಲಿ ಮಾತ್ರ ನೋಡೋಕೆ ಬಿಟ್ಟರು. ಕಾವಲು ಹಡಗಿನ ಗೆರೆ ಬಿಳಿ. ಸಬ್‌ಮರೀನಿನದು ಹಸಿರು, ಯಾಕೆಂದರೆ ಕಿಂಡಿಯ ಓರೆ ನೋಟಕ್ಕೆ ಆ ನೆಲದ ಮೇಲೆ ಹಸಿರು ಕಾಣುತ್ತಿರಲಿಲ್ಲ! ಇಡೀ ಸಮಸ್ಯೆಗೆ ಒಂದು ಚೂರು ಸುಣ್ಣದ ಪರಿಹಾರ. ನಾನಾದರೆ ಅದಕ್ಕೊಂದು ಮಂಟಪ ಕಟ್ಟಿಸುತ್ತಿದ್ದೆ.

ಹಳೆಯ ಒಂದು ಹಡಗು ಸಾಲಿನ ದಾಖಲೆ ಇಟ್ಟುಕೊಂಡು ಆಡುತ್ತಾ ರಾಬರ್ಟ್ಸ್‌ಗೆ ಹೊಳೆಯಿತು. ಸಾಲಿನ ನಟ್ಟನಡುವಿನ ಹಡಗು ಮುಳುಗಿದೆ, ಹೊರಗಿನಿಂದ ಹೊಡೆದ ಟಾರ್ಪೆಡೋ ಅಷ್ಟು ದೂರ ಹೋಗಲ್ಲ. ಅಂದರೆ ಸಬ್‌ಮರೀನ್ ರಾತ್ರಿ ಹೊತ್ತು ಹಿಂದಿನಿಂದ, ನೀರಿನ ಮೇಲೇ ತೇಲುತ್ತಾ ಸಾಲಿನೊಳಗೆ ನುಗ್ಗಿ, ಹೊಡೆದು, ಮುಳುಗಿ, ಮೇಲಿನ ಹಡಗುಗಳು ದಾಟಿ ಹೋಗಲಿ ಅಂತ ಸುಮ್ನೆ ಕೂರುತ್ತದೆ. ಕಾವಲಿನವರೋ ಹೊರಗಡೆಗೆ ಓಡಿ ಹುಡುಕುತ್ತಿದ್ದರು. ಹಿಂದಕ್ಕೆ ತಿರುಗಿ, ಸಾಲಿನ ಬಾಲದಲ್ಲಿ ಹುಡುಕಿ ಅಂತ ಹೊಸ ಪಟ್ಟು ಮಾಡಿದರು. ಅದಕ್ಕೆ ರಾಸ್ಪ್‌ಬೆರಿ ಅಂತ ಹೆಸರು. ಬಾಯಲ್ಲಿ ಪುರ್‍ರ್ ಅನ್ನಿಸಿ ಅಣಕಿಸೋದಕ್ಕೆ ಇಂಗ್ಲಿಷರು ಹಾಗನ್ನುತ್ತಾರೆ, ಹಿಟ್ಲರನಿಗೆ ಅದು. ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್, ಸ್ವತಃ ಮೊದಲ ಮಹಾಯುದ್ಧದ ಹೆಸರುವಾಸಿ ಸಬ್‌ಮರೀನ್ ಕ್ಯಾಪ್ಟನ್, ನಾನೂ ಆಡ್ತೀನಿ ಅಂತ ಸಬ್‌ಮರೀನಿನ ಕಡೆ ನಿಂತ. ಒಂದಾದ ಮೇಲೊಂದು ಆಟ ಸೋತ. ಪರದೆಯ ಆ ಕಡೆ ಅವನನ್ನು ಮುಳುಗಿಸುತ್ತಿದ್ದದ್ದು ಜಾನೆಟ್ ಓಕೆಲ್ ಅನ್ನೋ ಎಳೆಯ ಹುಡುಗಿ.

ಯುದ್ಧ ಮುಗಿದ ಮೇಲೆ ಆಟ ಮತ್ತೆ ಮನೆಗಳಿಗೆ ಬಂತು. ಸೌತಾಂಪ್ಟನ್ನಿನ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ಪುಸ್ತಕ ಸಾವಿರಾರು ಜನರನ್ನು ಇದಕ್ಕೆ ಹಚ್ಚಿತು. ಅಮೆರಿಕದಲ್ಲಿ 1971ರ ಒಂದು ಗೊಂಬೆ ಕಾಳಗದ ನಿಯಮದಿಂದಲೇ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿತು. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಸೇರಿ ಶುರುಮಾಡಿದ ಗೇಮ್ಸ್ ವರ್ಕ್‌ಶಾಪ್ ಮೊದಲು ಮಾರಿದ್ದು ಕೈಯಲ್ಲಿ ಮಾಡಿದ ಮರದ ಆಟದ ಹಲಗೆ. 1983ರಲ್ಲಿ ಅವರದೇ ಗೊಂಬೆ ಕಾಳಗದ ಆಟ ವಾರ್‌ಹ್ಯಾಮರ್ ಬಂತು, 1987ರಲ್ಲಿ ಅದರ ಅಂತರಿಕ್ಷದ ತಮ್ಮ ವಾರ್‌ಹ್ಯಾಮರ್ 40,000. ಈಗ ನಾಟಿಂಗ್‌ಹ್ಯಾಮಿನಲ್ಲಿರುವ ಆ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರರ ಪಟ್ಟಿ ಸೇರಿತು. ನನ್ನ ಸಂಬಳದ ಪಾಲೂ ಅದರಲ್ಲಿ ಸ್ವಲ್ಪ ಇದೆ.

ಇನ್ನು ಬಣ್ಣದ ವಿಷಯ. ಮೊದಲು ಪ್ರೈಮರ್ ಅನ್ನೋ ತಳಬಣ್ಣ ಹೊಡೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯಲ್ಲ. ಬೆಂಗಳೂರಿನ ಜುಲೈ ಮಳೆಯಲ್ಲಿ ತಾರಸಿಯ ಮೇಲೆ ಸ್ಪ್ರೇ ಮಾಡಿದೆ, ಗಾಳಿಯ ತೇವಕ್ಕೆ ಇಡೀ ರಿಸಾಲೆ, ಅಂದರೆ ಕುದುರೆ ದಳ, ಬೂಷ್ಟು ಹಿಡಿದ ಬ್ರೆಡ್ಡಿನ ಹಾಗೆ ತರಿತರಿಯಾಯಿತು. ಅದೇ ಸ್ಪ್ರೇಯನ್ನು ಥರ್ಮಾಕೋಲಿನಲ್ಲಿ ಕಟ್ಟಿದ ಅಸ್ಸಾಯೆ ಹಳ್ಳಿಯ ಗೋಡೆಗೆ ಹೊಡೆದೆ, ಕಣ್ಣೆದುರಿಗೇ ಕರಗಿ ಕೂತುಬಿಟ್ಟಿತು. ವೆಲ್ಲೆಸ್ಲಿಗೆ ಇಷ್ಟು ಸುಲಭವಾಗಿರಲಿಲ್ಲ. ಆಮೇಲೆ ಕಲಿತೆ. ಥರ್ಮಾಕೋಲಿಗೆ ಮೊದಲು ಫೆವಿಕಾಲ್ ಬಳಿಯಬೇಕು. ಬಣ್ಣ ಬೇಗ ಒಣಗದಿರಲು ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಬೇಕು. ಕಾಡಿನ ನೆಲಕ್ಕೆ ಸೋಸಿ ಒಣಗಿಸಿದ ಚಹಾಪುಡಿಗಿಂತ ಚೆನ್ನಾಗಿರೋದು ಇನ್ನೊಂದಿಲ್ಲ.

ದಾಳದ ಲೆಕ್ಕವನ್ನೂ ಹೇಳಿಬಿಡ್ತೀನಿ, ಯಾಕೆಂದರೆ ಹೊಸಬರು ಇಲ್ಲೇ ಮೋಸ ಹೋಗುವುದು. ಮೂವತ್ತಾರು ಬಂದೂಕು ಒಟ್ಟಿಗೆ ಹಾರಿಸಿದಿರಿ ಅಂತ ಇಟ್ಟುಕೊಳ್ಳಿ, ಮೂವತ್ತಾರು ದಾಳ. ಮೂರು ಅಥವಾ ಮೇಲೆ ಬಿದ್ದರೆ ತಗುಲಿತು, ಇಪ್ಪತ್ತನಾಲ್ಕು ಉಳಿಯಿತು. ಗಾಯವಾಗೋಕೆ ನಾಲ್ಕು ಅಥವಾ ಮೇಲೆ ಬೇಕು, ಹನ್ನೆರಡು ಉಳಿಯಿತು. ಎದುರಾಳಿ ತನ್ನ ರಕ್ಷಣೆಗೆ ದಾಳ ಹಾಕುತ್ತಾನೆ, ಮೂರು ಅಥವಾ ಮೇಲೆ ಬಿದ್ದರೆ ಬಚಾವ್. ಕೊನೆಗೆ ಸತ್ತದ್ದು ನಾಲ್ಕು ಜನ. ಅಷ್ಟೊಂದು ಸದ್ದು ಮಾಡಿ ನಾಲ್ಕು! ಅದೂ ಸರಾಸರಿ ಲೆಕ್ಕ. ನನ್ನ ಕೈಗೆ ಸರಾಸರಿ ಯಾವತ್ತೂ ಬಿದ್ದಿಲ್ಲ.

ಅವತ್ತಿನ ಅಸ್ಸಾಯೆಗೆ ವಾಪಸು ಬರ್ತೀನಿ. ಹಾಯಗಡದ ತೊಂದರೆಯನ್ನು ಅಮ್ಮನಿಗೆ ಕಾಫಿ ಕುಡಿಯುತ್ತಾ ಹೇಳಿದೆ. "ಅದಕ್ಯಾಕೆ ಒದ್ದಾಡ್ತೀಯ, ಐದು ಚೀಟಿ ಮಾಡಿ ನನ್ನ ಕೈಗೆ ಕೊಡು, ಹೊಳೆ ಕೆಳಗೆ ನಾನು ಇಡ್ತೀನಿ" ಅಂದರು. ನಾಲ್ಕರಲ್ಲಿ ಮಡು, ಒಂದರಲ್ಲಿ ಹಾಯಗಡ. ಪಡೆ ದಡಕ್ಕೆ ಬಂದ ಮೇಲೇ ಚೀಟಿ ಎತ್ತಬೇಕು. ರೈಸ್ವಿಟ್ಸ್ ಹುಡುಕಿದ ತೀರ್ಪುಗಾರ ನಮ್ಮನೆ ಅಡುಗೆಮನೆಯಲ್ಲೇ ಇದ್ದರು. ನಾನು ಎದುರುಬದುರು ಹಳ್ಳಿ ಇದ್ದ ಜಾಗಕ್ಕೇ ನೇರ ಪಡೆ ನುಗ್ಗಿಸಿದೆ, ಚರಿತ್ರೆ ಓದಿದ್ದೀನಲ್ಲ. ಮಡು. ಅಮ್ಮ ಒಂದು ಮಾತೂ ಆಡದೆ ಹುರುಳಿಕಾಯಿ ಸೋಸುತ್ತಾ ಕೂತಿದ್ದರು.

ಅವರು ಇನ್ನೊಂದು ಕೆಲಸ ಮಾಡಿದರು. ನನ್ನ ಮೈಸೂರು ಸವಾರರ ಮುಖ ನೋಡಿ, "ಎಲ್ಲಾರೂ ದೆವ್ವ ನೋಡಿದ ಹಾಗೆ ಕಣ್ಣು ಬಿಟ್ಟಿದ್ದಾರಲ್ಲೋ" ಅಂದು ಕುಂಚ ಕಿತ್ತುಕೊಂಡರು. ಪ್ರತಿವರ್ಷ ಹಳೆಯ ದಸರಾ ಗೊಂಬೆಗಳಿಗೆ ಬಣ್ಣ ತಿದ್ದಿದ ಕೈ ಅದು. ಮೊದಲು ಬಿಳಿ, ಮೇಲೆ ಒಂದು ಕಪ್ಪು ಚುಕ್ಕಿ, ಆಮೇಲೆ ಸುತ್ತ ಮೈಬಣ್ಣದಿಂದ ರೆಪ್ಪೆ ಎಳೆದು ಕಣ್ಣನ್ನು ಸಣ್ಣ ಮಾಡಿದರು. ನಾನು ಇದೇ ಉಪಾಯವನ್ನು ಇಂಗ್ಲೆಂಡಿನವರ ವಿಡಿಯೋ ಹತ್ತು ಸಲ ನೋಡಿಯೂ ಕಲಿತಿರಲಿಲ್ಲ. ಸಂಜೆಯೊಳಗೆ ಹನ್ನೆರಡು ಜನರಿಗೂ ಜೀವ ಬಂತು.

ಅಕ್ಟೋಬರಿನಲ್ಲಿ ಮತ್ತೆ ಆಟಕ್ಕೆ ಕೂತಾಗ ಗೆಳೆಯ ತಲೆ ಎಣಿಸಿ, "ಮೈಸೂರು ರಿಸಾಲೆ ಎಲ್ಲೋ?" ಅಂದ. ಅಮ್ಮ ಮೈಸೂರಿಗೆ ತೆಗೆದುಕೊಂಡು ಹೋಗಿದ್ದಾರೆ, ಮೂರನೇ ಮೆಟ್ಟಿಲ ಮೇಲೆ, ಚನ್ನಪಟ್ಟಣದ ಆನೆಯ ಹಿಂದೆ ನಿಂತಿದ್ದಾರೆ, ವಿಜಯದಶಮಿ ಕಳೆಯೋವರೆಗೂ ಇಳಿಸಂಗಿಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಮೇಜು ನೋಡಿದ. ಚರಿತ್ರೆಯಲ್ಲೂ ಆ ಸವಾರರು ಹೊಳೆ ದಾಟಲಿಲ್ಲ, ಈಚೆ ದಡದಲ್ಲೇ ನಿಂತು ಮರಾಠಾ ಕುದುರೆ ಸವಾರರ ಮೇಲೆ ಕಣ್ಣಿಟ್ಟಿದ್ದರು. "ಸರಿ, ಅಲ್ಲೇ ನಿಂತಿರಲಿ ಬಿಡು" ಅಂದು ದಾಳ ಹಾಕಿದ. ಆರು ಬಿತ್ತು.

ನಮಸ್ಕಾರ.