ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ಹಳೇ ಮನೆಯಲ್ಲಿ ಇರುವವರೇ, ಇವತ್ತಿನ ಮಾತು ನಿಮಗೆ. ಹೇಳುವುದು ಒಂದೇ: ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ.

ಈ ಮನೆಗಳನ್ನು ಹಿರಿಯರು ಕಟ್ಟಿದ್ದೇ ಮಳೆ ಮತ್ತು ಅಡಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದಕ್ಕೇ ಮಾಡು ಅಷ್ಟು ಇಳಿಜಾರು, ಸೂರು ಗೋಡೆಯಿಂದ ಅಷ್ಟು ಮುಂದೆ. ಅಡಿಕೆ ಒಣಗಿಸಲು ಅಂಗಳ, ಮೂಟೆ ಇಡಲು ಅಟ್ಟ. ಒಲೆಯ ಹೊಗೆ ಮೇಲೇರಿ ಮರಕ್ಕೆ ಹುಳು ಹತ್ತದಂತೆ ಕಾಯುತ್ತಿತ್ತು. ಮೊದಲು ಸೋಗೆ, ಹುಲ್ಲು, ನಾಡಹೆಂಚು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅಲ್ಲಿಯ ಹೆಂಚು ನಿಧಾನಕ್ಕೆ ಘಟ್ಟ ಹತ್ತಿತು. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಗೆ ಹೋದವರು ತೊಟ್ಟಿ, ಜಗಲಿ, ಕಂಬಗಳನ್ನು ಕಣ್ತುಂಬ ನೋಡಿರುತ್ತೀರಿ, ಅಲ್ವಾ?

ತೀರ್ಥಹಳ್ಳಿ ಕಡೆಯ ಇನ್ನೊಂದು ಮನೆಯ ಕಥೆ ಕೇಳಿ. ಮಗಳ ಮದುವೆ ಬಂತು ಅಂತ ಯಜಮಾನರು ಗೋಡೆಗಳಿಗೆಲ್ಲ ಸಿಮೆಂಟ್ ಮಾಡಿಸಿ ಬಣ್ಣ ಹೊಡೆಸಿದ್ದರು. ನೋಡಲು ಲಕ್ಷಣವಾಗಿಯೇ ಇತ್ತು. ಕೆಲವು ಮಳೆಗಾಲ ಕಳೆದ ಮೇಲೆ ನನ್ನನ್ನು ಕರೆಸಿದರು. ಗೋಡೆ ತಟ್ಟಿದೆ, ಒಳಗೆ ಪೊಳ್ಳು ಶಬ್ದ. ಒಂದು ತುಂಡು ಕೀಳಿಸಿದೆ. ಮಾರ್ಚ್ ತಿಂಗಳ ಬಿಸಿಲಲ್ಲೂ ಹಿಂದಿನ ಮಣ್ಣು ಕಲಸಿದ ಹಿಟ್ಟಿನ ಹಾಗಿತ್ತು! ಬಾಗಿಲ ಚೌಕಟ್ಟಿನ ಬುಡ ಬೆರಳಿಗೆ ಪುಡಿಯಾಗಿ ಬಂತು. ಸಿಮೆಂಟಿನ ಮರೆಯಲ್ಲೇ ಗೆದ್ದಲು ತೊಲೆಯವರೆಗೆ ಹೋಗಿತ್ತು.

"ಹೆಂಚು ಒಂದೂ ಒಡೆದಿಲ್ಲ ಸಾರ್, ನೀರು ಎಲ್ಲಿಂದ ಬಂತು?" ಅಂದರು.

"ಮೇಲಿಂದ ಬಂದಿಲ್ಲ ಗೌಡ್ರೇ, ನೆಲದಿಂದ ಹತ್ತಿದೆ" ಅಂದೆ.

ಮಣ್ಣಿನ ಗೋಡೆ ನೆಲದ ತೇವ ಎಳೆಯುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಇಷ್ಟೇ ವಿಷಯ. ಆದರೂ ಊರೂರಲ್ಲಿ ಬಳಿಸುತ್ತಲೇ ಇದ್ದಾರೆ! ಆ ಮನೆಯಲ್ಲಿ ಎಲ್ಲಾ ಕೀಳಿಸಿ, ಬೇಸಿಗೆಯಿಡೀ ಗೋಡೆ ಒಣಗಲು ಬಿಟ್ಟು, ಮಣ್ಣು, ಮರಳು, ಸುಣ್ಣ ಸೇರಿಸಿ ಗಿಲಾವು ಮಾಡಿಸಿದೆವು. ಈಗ ಗೋಡೆ ಗಟ್ಟಿಯಾಗಿದೆ.

ಸಮಯ ಮುಗಿಯುತ್ತಾ ಬಂತು, ಬಾಗಿಲ ಕೆತ್ತನೆಯ ಮಾತು ಇನ್ನೊಮ್ಮೆ ಆಡೋಣ. ಮಳೆಗೆ ಮೊದಲು ಒಡೆದ ಹೆಂಚು ಬದಲಿಸಿ. ಮಳೆ ಹೊಡೆಯುವ ಕಡೆ ಸೋಗೆ ತಟ್ಟಿ ಕಟ್ಟಿ. ಈಗಾಗಲೇ ಸಿಮೆಂಟ್ ಬಳಿಸಿದ್ದರೆ ಈ ಬೇಸಿಗೆಯಲ್ಲೇ ಗೋಡೆಯ ಬುಡದಲ್ಲಿ ಸ್ವಲ್ಪ ಕೀಳಿಸಿ, ಮಣ್ಣು ಮುಟ್ಟಿ ನೋಡಿ. ನಮಸ್ಕಾರ.