ಬೊಜ್ಜು ಕರಗಲಿ, ಸ್ನಾಯು ಉಳಿಯಲಿ: ಎಷ್ಟು ಜೋರಾಗಿ ನಡೆಯಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ನಡೆಯುವವರಿಗೆ ಜಾಗದ ಕೊರತೆ ಇಲ್ಲ. ತಳಜಾಯಿ ಗುಡ್ಡ ಇದೆ, ಹನುಮಾನ್ ಟೇಕಡಿ ಇದೆ, ವೇತಾಳ ಟೇಕಡಿ ಇದೆ (ಟೇಕಡಿ ಅಂದರೆ ಮರಾಠಿಯಲ್ಲಿ ಗುಡ್ಡ), ಪರ್ವತಿ ಗುಡ್ಡದ ಮೆಟ್ಟಿಲುಗಳಿವೆ. ಬೆಳಿಗ್ಗೆ ಅಲ್ಲಿಗೆ ಹೋದರೆ ಮರಾಠಿಯ ನಡುವೆ ವಿಜಯಪುರದ ಕನ್ನಡ, ಧಾರವಾಡದ ಕನ್ನಡ, ಕರಾವಳಿಯ ಕನ್ನಡವೂ ಕಿವಿಗೆ ಬೀಳುತ್ತದೆ. ವ್ಯಾಯಾಮ ಹೇಳಿಕೊಡುವ ನನ್ನನ್ನು ನಮ್ಮವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಎಷ್ಟು ಜೋರಾಗಿ ನಡೆದರೆ ಹೊಟ್ಟೆ ಇಳಿಯುತ್ತದೆ? ಒಳ್ಳೆಯ ಪ್ರಶ್ನೆ. ಆದರೆ ಹೊಟ್ಟೆ ಇಳಿಯುವಾಗ ತೊಡೆ, ಬೆನ್ನು, ತೋಳಿನ ಸ್ನಾಯುವೂ ಜೊತೆಗೆ ಇಳಿದುಹೋದರೆ ನಷ್ಟ ನಮಗೇ.

ಈ ಮಾತು ನಮ್ಮ ದೇಶದವರಿಗೆ ಯಾಕೆ ಇಷ್ಟು ಮುಖ್ಯ? ಅದನ್ನು ಚೆನ್ನಾಗಿ ತೋರಿಸಿಕೊಟ್ಟವರು ಇದೇ ಪುಣೆಯವರು. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮನ್ನೇ ಹೋಲಿಸಿಕೊಂಡು ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ನೋಡಲು ತೆಳ್ಳಗಿದ್ದರೂ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಮೊದಲೇ ಕಡಿಮೆ ಇರುವುದನ್ನು ತೂಕ ಇಳಿಸುವ ಭರದಲ್ಲಿ ಇನ್ನಷ್ಟು ಕಳೆದುಕೊಳ್ಳಬಾರದು, ಅಲ್ವಾ?

ಈಗ ವೇಗದ ವಿಷಯಕ್ಕೆ ಬರೋಣ. ಜಿಮ್‌ನ ಟ್ರೆಡ್‌ಮಿಲ್ ಮೇಲೆ 'ಕೊಬ್ಬು ಕರಗುವ ವಲಯ' ಅಂತ ಒಂದು ಪಟ್ಟಿ ಅಂಟಿಸಿರುತ್ತಾರೆ. ನಿಧಾನವಾಗಿ ನಡೆದಾಗ ದೇಹ ಸುಡುವ ಇಂಧನದಲ್ಲಿ ಕೊಬ್ಬಿನ ಪಾಲು ಜಾಸ್ತಿ, ಇದು ನಿಜ. ಆದರೆ ಒಂದು ಅಂದಾಜು ಲೆಕ್ಕ ಹಾಕಿ. ಅರ್ಧ ಗಂಟೆ ನಡೆದು 150 ಕ್ಯಾಲರಿ ಖರ್ಚಾಯಿತು, ಅದರಲ್ಲಿ ಶೇಕಡಾ 60 ಕೊಬ್ಬಿನಿಂದ ಅಂದರೆ 90. ಅಷ್ಟೇ ಹೊತ್ತು ಓಡಿ 300 ಖರ್ಚಾಯಿತು, ಕೊಬ್ಬಿನ ಪಾಲು ಶೇಕಡಾ 40 ಅಂದರೂ 120. ಹಾಗಾದರೆ ಓಡುವುದೇ ಮೇಲೋ? ಅದೂ ಅಲ್ಲ. ಆ ಅರ್ಧ ಗಂಟೆಯಲ್ಲಿ ಏನು ಉರಿಯಿತು ಅನ್ನುವುದಕ್ಕಿಂತ, ದಿನಗಟ್ಟಲೆ, ವಾರಗಟ್ಟಲೆ ತಿಂದದ್ದೆಷ್ಟು, ಖರ್ಚಾದದ್ದೆಷ್ಟು ಅನ್ನುವುದೇ ಬೊಜ್ಜನ್ನು ತೀರ್ಮಾನಿಸುತ್ತದೆ. ಹಾಗಾಗಿ ಮಂಡಿ ನೋಯದೆ, ಮೈ ಬಳಲದೆ, ನಾಳೆಯೂ ನಾಡಿದ್ದೂ ಮಾಡಬಲ್ಲ ವೇಗವೇ ನನ್ನ ಪ್ರಕಾರ ಸರಿಯಾದ ವೇಗ.

ಅದನ್ನು ಗುರುತಿಸುವುದು ಹೇಗೆ? ಎದೆಬಡಿತ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಅಂತ ತಿಳಿಯಲು 220ರಿಂದ ವಯಸ್ಸು ಕಳೆಯಿರಿ ಅನ್ನುವ ಲೆಕ್ಕ ನೀವು ಕೇಳಿರುತ್ತೀರಿ. 45 ವರ್ಷದವರಿಗೆ 175 ಬರುತ್ತದೆ. ಅದರ ಶೇಕಡಾ 60ರಿಂದ 70 ಅಂದರೆ ನಿಮಿಷಕ್ಕೆ 105ರಿಂದ 122 ಬಡಿತ. ಆದರೆ ಇದು ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದೇ ಕಡಿಮೆ. ಅವರು ಈ ಸಂಖ್ಯೆಯ ಬೆನ್ನು ಹತ್ತಿ ಓಡಿದರೆ ಅಪಾಯ. ಕೈಗಡಿಯಾರ ಇದ್ದರೆ ನೋಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಸಾಕ್ಷಿ ನಿಮ್ಮ ಉಸಿರು. ಜೊತೆಗಿರುವವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆರಾಮಾಗಿ ಹಾಡಬಹುದು ಅಂದರೆ ಸ್ವಲ್ಪ ಬೀಸಾಗಿ ನಡೆಯಿರಿ. ಎರಡು ಮೂರು ಪದಕ್ಕೇ ದಮ್ಮು ಹತ್ತಿದರೆ ವೇಗ ಇಳಿಸಿ. ತಳಜಾಯಿಯ ಸಮತಟ್ಟು ದಾರಿಯಲ್ಲಿ ಇದಕ್ಕೆ ಬಿರುಸು ನಡಿಗೆ ಬೇಕು. ವೇತಾಳ ಟೇಕಡಿಯ ಏರಿನಲ್ಲಿ ನಿಧಾನ ನಡಿಗೆಯೇ ಸಾಕು. ವೇಗ ಬೇರೆ, ಉಸಿರಿನ ಕಷ್ಟ ಒಂದೇ.

ಪರ್ವತಿಯ ನೂರಾ ಮೂರು ಮೆಟ್ಟಿಲನ್ನು ಒಂದೇ ದಮ್ಮಿಗೆ ಹತ್ತುವುದು ಜೋರು ವ್ಯಾಯಾಮ. ಅದು ಬೇಕು, ಆದರೆ ವಾರಕ್ಕೆ ಒಂದೆರಡು ಸಲ ಮಾತ್ರ. ವಾರವಿಡೀ ಹಿಂಜವಡಿಯ ಆಫೀಸಿನಲ್ಲಿ ಕುರ್ಚಿ ಬಿಡದೆ ಕೂತು, ಭಾನುವಾರ ಸಿಂಹಗಡದ ಕೋಟೆಯನ್ನು ಓಡಿ ಹತ್ತುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ವಾರದ ಉಳಿದ ದಿನಗಳಲ್ಲಿ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಹೀಗೆಯೇ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ.

ಆ ಎರಡು ದಿನವನ್ನೇ ನಮ್ಮವರು ಬಿಟ್ಟುಬಿಡುತ್ತಾರೆ. ನಡಿಗೆ ಎಷ್ಟೇ ಒಳ್ಳೆಯದಾದರೂ ತೋಳಿಗೂ ಬೆನ್ನಿಗೂ ಅದು ಸಾಲದು. ಊಟ ಕಡಿಮೆ ಮಾಡಿದಾಗ ದೇಹ ಕೊಬ್ಬನ್ನೂ ಕರಗಿಸುತ್ತದೆ, ಕೆಲಸವಿಲ್ಲದ ಸ್ನಾಯುವನ್ನೂ ಕರಗಿಸುತ್ತದೆ. ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಕ್ಯಾನ್ ಎತ್ತುವುದು, ಇಷ್ಟರಿಂದ ಶುರು ಮಾಡಿ. ಸುಲಭವಾಗುತ್ತಾ ಬಂದಂತೆ ಭಾರ ಹೆಚ್ಚಿಸಿ.

'ನಡೆದರೆ ಸ್ನಾಯು ಕರಗುತ್ತದಂತೆ' ಅಂತ ಜಿಮ್‌ಗೆ ಹೋಗುವ ಹುಡುಗರು ಹೆದರುತ್ತಾರೆ. ಈ ಹೆದರಿಕೆಯ ಬೇರು 1980ರಲ್ಲಿ ರಾಬರ್ಟ್ ಹಿಕ್ಸನ್ ಅನ್ನುವ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಹತ್ತು ವಾರ ಭಾರ ಎತ್ತುವುದನ್ನೂ ಕಠಿಣ ಓಟ, ಸೈಕಲ್ಲನ್ನೂ ಒಟ್ಟಿಗೆ ಮಾಡಿದವರ ಬಲ ಮೊದಲು ಏರಿತು, ಕೊನೆಯ ವಾರಗಳಲ್ಲಿ ಇಳಿಯಿತು. ಆದರೆ ಅವರು ವಾರಕ್ಕೆ ಐದು ದಿನ ಭಾರ ಎತ್ತಿ, ಆರು ದಿನ ಏದುಸಿರು ಬಿಡುತ್ತಿದ್ದರು. ಮಾತಾಡುತ್ತಾ ನಡೆಯುವ ನಲವತ್ತು ನಿಮಿಷಕ್ಕೂ ಅದಕ್ಕೂ ಎಲ್ಲಿಯ ಸಂಬಂಧ? ಸಿಂಹಗಡ ಹತ್ತಿದ ಮರುದಿನ ಕಾಲಿನ ಕಸರತ್ತು ಇಟ್ಟುಕೊಳ್ಳಬೇಡಿ, ಅಷ್ಟು ಸಾಕು.

ಊಟದ ಬಗ್ಗೆ ಒಂದೇ ಮಾತು. ಮಾಮೂಲಿ ಜೀವನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಬೊಜ್ಜು ಇಳಿಸುತ್ತಾ ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಬೇಕಾಗುತ್ತದೆ. ರೊಟ್ಟಿಯ ಜೊತೆ ಒಂದು ಸೌಟು ಬೇಳೆಯಿಂದ ಇದು ತುಂಬುವುದಿಲ್ಲ. ಮೊಳಕೆ ಕಾಳು, ಮೊಸರು, ಪನೀರ್, ಸೋಯಾ ಸೇರಿಸಿ. ತಿನ್ನುವವರಿಗೆ ಮೊಟ್ಟೆ, ಮೀನು ಇದ್ದೇ ಇದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಸರಿ ದಾರಿಯಲ್ಲಿದ್ದೀರಾ ಅಂತ ತಿಳಿಯಲು ತೂಕದ ಯಂತ್ರ ಒಂದನ್ನೇ ನಂಬಬೇಡಿ. ಹೊಟ್ಟೆಯ ಸುತ್ತ ಟೇಪು ಹಿಡಿಯಿರಿ. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಕೆಳಗಿರಬೇಕು. ಟೇಪಿನ ಅಳತೆ ಇಳಿಯುತ್ತಿದೆ, ಬಸ್ಕಿಯ ಎಣಿಕೆ ಇಳಿದಿಲ್ಲ ಅಂದರೆ ಕರಗುತ್ತಿರುವುದು ಹೆಚ್ಚಾಗಿ ಬೊಜ್ಜೇ. ವಾರಕ್ಕೆ ದೇಹದ ತೂಕದ ಶೇಕಡಾ ಒಂದಕ್ಕಿಂತ ಜಾಸ್ತಿ ಇಳಿಯುತ್ತಾ ಕೈಕಾಲಿನ ಬಲವೂ ಕುಗ್ಗುತ್ತಿದ್ದರೆ ಊಟ ಸ್ವಲ್ಪ ಹೆಚ್ಚಿಸಿ, ಜೋರು ವ್ಯಾಯಾಮದ ಒಂದು ದಿನ ಕಡಿಮೆ ಮಾಡಿ. ನಡೆಯುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ, ತಡಮಾಡದೆ ವೈದ್ಯರ ಬಳಿ ಹೋಗಿ.

ನಮಸ್ಕಾರ.